ಒಂದೇ ಬಾರಿ ಕಂಡ ತೊರಕೆ

ಮಂಗಳೂರು, ಕಾಸರಗೋಡುಗಳ ಕರಾವಳಿಯಲ್ಲಿ ತೊರಕೆ ಎಂದೂ ಮಲಯಾಳದಲ್ಲಿ ತಿರಂಡಿ ಎಂದೂ ಹೆಸರಾದ ಮೀನನ್ನು ಕಾಣದವರು ವಿರಳ. ಚಪ್ಪಟೆಯಾದ ಶರೀರ, ನೀಳವಾದ ಬಾಲ, ಬಾಲದ ಮೇಲೊಂದು ವಿಷದ ಮುಳ್ಳು. ಇದು ಅದರ ಸ್ಥೂಲ ರೂಪ. ಈ ಬಳಗದ ಒಂದು ಪುಟ್ಟ ಮೀನು ಜಾವಾ ದ್ವೀಪದ ಕಡಲಿನಿಂದ ಶಾಶ್ವತವಾಗಿ ಮರೆಯಾಗಿದೆಯೆಂದು ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟವು 2023ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಮನುಷ್ಯನ ಚಟುವಟಿಕೆಯಿಂದಲೇ ನಿರ್ವಂಶವಾದ ಮೊದಲ ಕಡಲ ಮೀನು ಇದೆಂದು ಅಧ್ಯಯನ ನಡೆಸಿದ ವಿಜ್ಞಾನಿಗಳು ಹೇಳಿದ್ದಾರೆ.

ಜಾವಾ ಸ್ಟಿಂಗರಿ ಎಂಬ ಈ ಮೀನಿನ ಶಾಸ್ತ್ರೀಯ ನಾಮ ಯುರೊಲೋಫಸ್ ಜಾವಾನಿಕಸ್. ಇದರ ಚರಿತ್ರೆ ಬಹು ಚಿಕ್ಕದು. ಜರ್ಮನಿಯ ನಿಸರ್ಗವಿಜ್ಞಾನಿ ಎಡ್ವರ್ಡ್ ಫಾನ್ ಮಾರ್ಟೆನ್ಸ್ 1862ರಲ್ಲಿ ಬಟಾವಿಯಾದ, ಎಂದರೆ ಇಂದಿನ ಜಕಾರ್ತಾದ, ಮೀನುಪೇಟೆಯಲ್ಲಿ ಇದನ್ನು ಕೊಂಡನು. 1864ರಲ್ಲಿ ಅದರ ವಿವರಣೆಯನ್ನು ಪ್ರಕಟಿಸಿದನು. ಸುಮಾರು 33 ಸೆಂಟಿಮೀಟರ್ ಉದ್ದದ ಆ ಒಂದೇ ಹೆಣ್ಣು ಮೀನು ಬರ್ಲಿನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಅದಾದ ಬಳಿಕ ಅಂತಹ ಮತ್ತೊಂದು ಮೀನು ಯಾರ ಕೈಗೂ ಸಿಕ್ಕಿಲ್ಲ. ಪೇಟೆಗೆ ಬರುವ ಮುನ್ನ ಅದು ಎಷ್ಟು ಆಳದಲ್ಲಿತ್ತು, ಏನನ್ನು ತಿನ್ನುತ್ತಿತ್ತು ಎಂಬುದನ್ನು ಹೇಳುವ ದಾಖಲೆಯೂ ಇಲ್ಲ.

ಒಮ್ಮೆ ಮಾತ್ರ ಕಂಡದ್ದನ್ನು ಅಳಿಯಿತೆಂದು ಹೇಳುವುದು ಹೇಗೆ? ಸಂದೇಹ ನ್ಯಾಯವಾದುದೇ. ಕಾಣದಿರುವುದು ಬೇರೆ, ಇಲ್ಲದಿರುವುದು ಬೇರೆ. ಕೊನೆಯ ಜೀವಿಯೂ ಸತ್ತಿದೆಯೆಂಬುದರಲ್ಲಿ ಸಕಾರಣವಾದ ಅನುಮಾನ ಉಳಿಯಬಾರದೆಂಬುದು ಒಕ್ಕೂಟದ ನಿಯಮ. ಆದುದರಿಂದಲೇ ಈ ಮೀನು ಬಹುಕಾಲ ತೀವ್ರ ಅಪಾಯದ ಪಟ್ಟಿಯಲ್ಲೇ ಉಳಿದಿತ್ತು. ಜಾವಾದ ಮೀನು ಇಳಿಸುವ ದಕ್ಕೆಗಳಲ್ಲಿ 2001ರಿಂದೀಚೆಗೆ ನಡೆದ ಪರಿಶೀಲನೆಗಳನ್ನು ಒಟ್ಟುಗೂಡಿಸಿ, ಆಸ್ಟ್ರೇಲಿಯಾದ ಚಾರ್ಲ್ಸ್ ಡಾರ್ವಿನ್ ವಿಶ್ವವಿದ್ಯಾಲಯದ ಜೂಲಿಯಾ ಕಾನ್‌ಸ್ಟನ್ಸ್ ಅವರ ನೇತೃತ್ವದ ತಂಡವು ಗಣಿತದ ನೆರವಿನಿಂದ ನಿರ್ಣಯಕ್ಕೆ ಬಂದಿತು.

ಕಾರಣ ಗೂಢವಾದುದಲ್ಲ. ಜಾವಾದ ಉತ್ತರ ತೀರದಲ್ಲಿ ಮೀನಿನ ಹಿಡುವಳಿ 1870ರ ದಶಕದಲ್ಲಿಯೇ ಇಳಿಮುಖವಾಗಿತ್ತು. ಜಕಾರ್ತಾ ಕೊಲ್ಲಿಯ ದಡವನ್ನು ಮುಂದೆ ಕೈಗಾರಿಕೆಗಳು ಆವರಿಸಿದವು. ಜಾವಾ, ಸುಮಾತ್ರಾಗಳ ಸುತ್ತ ಟ್ರಾಲ್ ಬಲೆಯನ್ನು ಇಂಡೋನೇಷ್ಯಾ ನಿಷೇಧಿಸಿದ್ದು 1980ರಲ್ಲಿ. ಈ ಮೀನಿನ ಪಾಲಿಗೆ ಅದು ಪ್ರಾಯಶಃ ತೀರ ತಡ.

ತೊರಕೆಗಳ ಜೀವನಕ್ರಮವೇ ಅತಿಯಾದ ಬೇಟೆಯನ್ನು ತಾಳುವಂಥದಲ್ಲ. ಬೂತಾಯಿಯಂತೆ ಇವು ಸಾವಿರಗಟ್ಟಲೆ ಮೊಟ್ಟೆಯಿಡುವುದಿಲ್ಲ. ಬೆರಳೆಣಿಕೆಯ ಮರಿಗಳನ್ನು ಹಡೆಯುತ್ತವೆ. ಭ್ರೂಣವು ಮೊದಲು ಮೊಟ್ಟೆಯ ಭಂಡಾರವನ್ನೂ ಅನಂತರ ಗರ್ಭಕೋಶದಲ್ಲಿ ಒಸರುವ ಹಾಲಿನಂತಹ ರಸವನ್ನೂ ಉಂಡು ಬೆಳೆಯುತ್ತದೆ. ಬಲೆಗೆ ಸಿಕ್ಕ ಬಸುರಿ ತೊರಕೆ ಅನೇಕ ವೇಳೆ ಗಾಬರಿಯಿಂದ ಅಕಾಲದಲ್ಲಿಯೇ ಮರಿಗಳನ್ನು ಹೊರಹಾಕುತ್ತದೆ. ಕರುಣೆಯಿಂದ ಅದನ್ನು ಕಡಲಿಗೆ ಮರಳಿ ಬಿಟ್ಟರೆ ತಾಯಿ ಉಳಿಯಬಹುದು, ಸಂತತಿ ಉಳಿಯದು. ಆದುದರಿಂದ ಹಿಡಿದ ಮೇಲೆ ಬಿಡುವುದಕ್ಕಿಂತ, ಮರಿಹಾಕುವ ತಾಣಗಳಲ್ಲಿ ಆ ಕಾಲಕ್ಕೆ ಬಲೆಯನ್ನೇ ಇಳಿಸದಿರುವುದು ಮೇಲು. ಇಂದು ಶಾರ್ಕು, ತೊರಕೆ ಮತ್ತು ಅವುಗಳ ಬಂಧುಗಳ ಪ್ರಭೇದಗಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಅಪಾಯದಲ್ಲಿವೆ.

ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ 2001ರಲ್ಲಿ ಸೇರಿದ ಮೀನುಗಳಲ್ಲಿ ಮೈಯೆಲ್ಲ ಮುಳ್ಳುಗಳುಳ್ಳ, ಆದರೆ ಬಾಲದಲ್ಲಿ ವಿಷದ ಮುಳ್ಳಿಲ್ಲದ ಒಂದು ತೊರಕೆಯೂ ಇದೆ. ಅದರ ಹೆಸರು ಯುರೊಜಿಮ್ನಸ್ ಆಸ್ಪೆರಿಮಸ್. ಕಾಯಿದೆಗೆ ತಿಳಿದಿರುವುದು ಇಂತಹ ಲ್ಯಾಟಿನ್ ಹೆಸರುಗಳು. ದಕ್ಕೆಯಲ್ಲಿ ಬುಟ್ಟಿ ಹೊರುವವರಿಗೆ ತಿಳಿದಿರುವುದು ತೊರಕೆ, ತಿರಂಡಿ. ಒಂದೇ ಮಾತು ಹಲವು ಪ್ರಭೇದಗಳಿಗೆ ಸಲ್ಲುವಾಗ ರಕ್ಷಿತವಾದುದಾವುದು, ಹಿಡಿಯತಕ್ಕದ್ದಾವುದು ಎಂಬ ಭೇದ ಬುಟ್ಟಿಯೊಳಗೇ ಕಳೆದುಹೋಗುತ್ತದೆ. ಬಣ್ಣ, ಮುಳ್ಳು, ಗಾತ್ರಗಳನ್ನು ಹಿಡಿದು ಮೀನುಗಾರರು ಇವುಗಳನ್ನು ಬೇರೆಬೇರೆಯಾಗಿ ಕರೆಯುವ ಕಡೆಗಳಲ್ಲಿ ಆ ಹೆಸರುಗಳನ್ನು ಊರೂರಿಗೆ ಹೋಗಿ ಬರೆದುಕೊಳ್ಳುವುದು ಮೀನುವಿಜ್ಞಾನಿಗಳೊಬ್ಬರ ಕೆಲಸವಲ್ಲ, ಭಾಷೆಯನ್ನು ಓದುವವರದೂ ಹೌದು.