ರಂಗೋಲಿ ಪುಡಿಯಲ್ಲಿ ಬಿಡಿಸಿದ ಜಗಳ

ಬೀದಿ ನಲ್ಲಿಯ ಹತ್ತಿರ ಶುರುವಾದ ಮಾತು ಮನೆ ಬಾಗಿಲಿಗೆ ಬಂದು, ವರ್ಷಗಳ ಸ್ನೇಹವೇ ಮುರಿದುಹೋದ ಅನುಭವ ನಿಮ್ಮಲ್ಲಿ ಎಷ್ಟು ಜನಕ್ಕಿಲ್ಲ, ಹೇಳಿ? ನನಗಂತೂ ಆಗಿದೆ. ಎದುರು ಮನೆಯಾಕೆಯ ಜೊತೆ ಎಂಟು ತಿಂಗಳು ಮಾತು ಬಿಟ್ಟಿದ್ದೆ. ಹಬ್ಬ ಬಂದರೆ ಒಬ್ಬಟ್ಟು ಕೊಟ್ಟು ತೆಗೆದುಕೊಳ್ಳುತ್ತಿದ್ದ ಮನೆ ಅದು. ಅವರ ಮಗಳ ಮದುವೆಗೆ ನನಗೆ ಕರೆ ಬರಲಿಲ್ಲ. ಆ ಮಗುವನ್ನು ಸೊಂಟದ ಮೇಲೆ ಹೊತ್ತು ಆಡಿಸಿದವಳು ನಾನು. ಓಲಗದ ಸದ್ದು ಕೇಳುತ್ತಾ ಅಡಿಗೆ ಮನೆಯಲ್ಲಿ ಕೂತು ಅತ್ತುಬಿಟ್ಟೆ.

ಕಾರಣ ನೀರು. ನಮ್ಮದು ಬುಕ್ಕಾಪಟ್ಟಣದ ಕಡೆ. ಶಿರಾ ಸೀಮೆಯ ಮಳೆಯ ವಿಚಾರ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ನಮ್ಮ ಬೀದಿಗೆ ಮೂರು ದಿನಕ್ಕೊಮ್ಮೆ ನಲ್ಲಿ ನೀರು. ಮೇಲಿನ ತುದಿಗೆ ಬಂದರೆ ಕೆಳಗಿನ ತುದಿಗೆ ಬರೋದಿಲ್ಲ. ಎದುರು ಮನೆಯವರು ಪೈಪಿಗೆ ಮೋಟಾರು ಹಾಕಿ ಎಳೀತಾರೆ ಅಂತ ನನ್ನ ದೂರು. ನೀರುಗಂಟಿ ಮೇಲಿನವರ ಕಡೆ ಅಂತ ಕೆಳಗಿನವರ ದೂರು. ಎರಡು ಸಲ ಎಲ್ಲರೂ ಸೇರಿ ಮಾತಾಡಿದೆವು. ಎರಡು ಸಲವೂ ಗಂಟಲು ದೊಡ್ಡದಿದ್ದವರೇ ಗೆದ್ದರು.

ಆಗ ನಮ್ಮ ಸ್ತ್ರೀಶಕ್ತಿ ಸಂಘದ ದೊಡ್ಡಮ್ಮ ಒಬ್ಬರು, “ಬಾಯಲ್ಲಿ ಆಡಿದ್ದು ಸಾಕು ಕಣ್ರಮ್ಮ. ನೆಲದ ಮೇಲೆ ಬರೀರಿ, ಕಣ್ಣಿಗೆ ಕಾಣ್ಲಿ” ಅಂದರು. ಅವರಿಗೆ ಇದು ಗೊತ್ತಿದ್ದದ್ದು ಸುಜಲ ಜಲಾನಯನ ಯೋಜನೆಯಿಂದ. 2009ರವರೆಗೆ ತುಮಕೂರು ಸೇರಿ ಐದು ಜಿಲ್ಲೆಗಳಲ್ಲಿ ನಡೆದ ಆ ಕೆಲಸದಲ್ಲಿ ಊರಿನವರಿಂದಲೇ ಹೊಲ, ಹಳ್ಳ, ಬದುಗಳ ನಕ್ಷೆ ಬರೆಸುತ್ತಿದ್ದರು.

ಈ ಪದ್ಧತಿಗೆ ನಮ್ಮ ಕರ್ನಾಟಕದಲ್ಲಿ ಒಳ್ಳೆಯ ಹಿನ್ನೆಲೆಯೇ ಇದೆ. 1989ರ ಸುಮಾರಿಗೆ ಮೈರಾಡ ಸಂಸ್ಥೆಯವರು ನಮ್ಮ ರಾಜ್ಯದ ಹಳ್ಳಿಗಳಲ್ಲಿ ರಂಗೋಲಿ ಪುಡಿ, ಕಲ್ಲು, ಕಾಳುಗಳಿಂದ ಹಳ್ಳಿಯವರ ಕೈಲೇ ಊರಿನ ಚಿತ್ರ ಬರೆಸಿದರು. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಎಂಬ ವಿದ್ವಾಂಸರು ಇದನ್ನು ನೋಡಿ, ಬರೆದು, ಬೇರೆ ದೇಶಗಳಿಗೂ ತಿಳಿಸಿದರು. ಕಾಲೇಜಿನಲ್ಲಿ ಓದುವ ನನ್ನ ಮಗಳು ಇನ್ನೊಬ್ಬರ ವಿಷಯವನ್ನೂ ಹೇಳಿದಳು. ಪೀಟರ್ ಚೆಕ್‌ಲ್ಯಾಂಡ್ ಅಂತ. ರಾಸಾಯನಿಕ ಕಂಪನಿಯಲ್ಲಿ ಕೆಲಸದಲ್ಲಿದ್ದು, 1969ರಲ್ಲಿ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯಕ್ಕೆ ಬಂದವರು. ಯಂತ್ರ ಕೆಟ್ಟರೆ ಎಲ್ಲಿ ಕೆಟ್ಟಿದೆ ಅಂತ ತೋರಿಸಬಹುದು. ಹತ್ತು ಜನರ ನಡುವಿನ ತೊಡಕಿನಲ್ಲಾದರೆ ತೊಂದರೆ ಏನು ಅನ್ನುವುದರಲ್ಲೇ ಹತ್ತು ಅಭಿಪ್ರಾಯ. ಅದಕ್ಕೇ ಮೊದಲು ಎಲ್ಲವನ್ನೂ ಒಂದೇ ಚಿತ್ರದಲ್ಲಿ ತುಂಬಿ ನೋಡಿ ಅಂದರು. ಅದಕ್ಕೆ ಅವರಿಟ್ಟ ಹೆಸರು ‘ರಿಚ್ ಪಿಕ್ಚರ್’, ಅಂದರೆ ತುಂಬಿದ ಚಿತ್ರ.

ಒಂದು ಭಾನುವಾರ ಗುಡಿಯ ಮುಂದೆ ನೆಲ ಗುಡಿಸಿ, ನೀರು ಚಿಮುಕಿಸಿ ಕೂತೆವು. ರಂಗೋಲಿ, ಇಟ್ಟಿಗೆ ಪುಡಿ, ಹುಣಸೆಬೀಜ, ಕಡಲೆಕಾಯಿ ಸಿಪ್ಪೆ, ಇಷ್ಟೇ ಸಾಮಾನು. ಮೊದಲ ಗೆರೆ ಎಳೆದವರು ಓದು ಬಾರದ ಒಬ್ಬ ಅಜ್ಜಿ. ಆಮೇಲೆ ಎಲ್ಲರಿಗೂ ಧೈರ್ಯ ಬಂತು.

ನೀರುಗಂಟಿ ತನ್ನ ಸೈಕಲ್ಲು ಬರೆದ. ಮೂರು ಕಡೆ ಮೂರು ವಾಲ್ವು. ಪಕ್ಕದಲ್ಲಿ ಚಂದ್ರ. “ತ್ರೀ ಫೇಸ್ ಕರೆಂಟು ಬರೋದೇ ರಾತ್ರಿ ಕಣಕ್ಕ. ನಾನು ಎದ್ದು ಓಡ್ತೀನಿ, ನಿಮಗೆ ಗೊತ್ತಾಗಲ್ಲ” ಅಂದ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯ ಗಂಟೆ ಬರೆದು, ಅದರಿಂದ ದೂರ ಕೊಡಗಳ ಸಾಲಿನಲ್ಲಿ ತನ್ನನ್ನು ನಿಲ್ಲಿಸಿಕೊಂಡಳು. ನೀರಿನ ದಿನ ಆಕೆಗೆ ಶಾಲೆ ತಪ್ಪುತ್ತದೆ. ಅಷ್ಟು ದಿನದ ಜಗಳದಲ್ಲಿ ಈ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ.

ಎದುರು ಮನೆಯಾಕೆ ಕಡೆಗೆ ಬಂದರು. ಒಂದು ಮನೆ, ಒಳಗೆ ಒಂದು ಮಂಚ, ಮಂಚದ ಪಕ್ಕ ಹುಣಸೆಬೀಜದ ರಾಶಿ. ಒಂದೊಂದು ಬೀಜವೂ ಒಂದು ಕೊಡ. ಅವರ ಅತ್ತೆಗೆ ಲಕ್ವ ಹೊಡೆದಿದ್ದು ನನಗೆ ಗೊತ್ತಿತ್ತು. ಆದರೆ ದಿನಾ ಹಾಸಿಗೆ ಬಟ್ಟೆ ಒಗೆಯೋದಕ್ಕೆ ಅಷ್ಟು ನೀರು ಬೇಕಾಗುತ್ತೆ ಅನ್ನೋದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ಮೋಟಾರು ಮಾತ್ರ ನನ್ನ ಕಣ್ಣಿಗೆ ಕಂಡಿತ್ತು, ಮಂಚ ಕಂಡಿರಲಿಲ್ಲ. ಯಾರೋ ತುಂಟಿ ನನ್ನನ್ನೂ ಬರೆದಿದ್ದಳು: ಹೊಸ್ತಿಲ ಮೇಲೆ ನಿಂತ ಹೆಂಗಸು, ಮುಖದ ತುಂಬ ಬಾಯಿ! ಎಲ್ಲರೂ ನಕ್ಕರು. ಎದುರು ಮನೆಯಾಕೆಯೂ ನಕ್ಕರು. ಎಂಟು ತಿಂಗಳಾದ ಮೇಲೆ ನಾವಿಬ್ಬರೂ ಒಟ್ಟಿಗೆ ನಕ್ಕಿದ್ದು ಅವತ್ತೇ.

ಬಾಯಲ್ಲಿ ಜಗಳವಾಡುವಾಗ ಮುಖ ಮುಖ ನೋಡುತ್ತೇವೆ. ಚಿತ್ರ ಬರೆಯುವಾಗ ಎಲ್ಲರ ಕಣ್ಣೂ ನೆಲದ ಮೇಲೆ. ಕೋಪಕ್ಕೆ ಕೂರಲು ಜಾಗ ಸಿಗೋದಿಲ್ಲ.

ನೀವೂ ಮಾಡಿ ನೋಡುವುದಾದರೆ ಇಷ್ಟು ನೆನಪಿರಲಿ:

1. ತೊಂದರೆಗೆ ಸಂಬಂಧಪಟ್ಟವರೆಲ್ಲ ಇರಲಿ. ನಿಮಗೆ ಬೇಡದವರನ್ನು ಮೊದಲು ಕರೆಯಿರಿ. ಮಕ್ಕಳನ್ನೂ ಮುದುಕರನ್ನೂ ಮರೆಯಬೇಡಿ.

2. ಚಿತ್ರ ಚೆನ್ನಾಗಿರಬೇಕಿಲ್ಲ. ಅಕ್ಷರ ಆದಷ್ಟು ಕಡಿಮೆ ಇರಲಿ. ಇಲ್ಲದಿದ್ದರೆ ಓದಿದವರದೇ ಕಾರುಬಾರಾಗುತ್ತದೆ.

3. ಮನುಷ್ಯರನ್ನು, ಜಾಗಗಳನ್ನು ಮಾತ್ರವಲ್ಲ, ಅವರ ಚಿಂತೆಯನ್ನೂ ಬರೆಯಿರಿ. ಸ್ನೇಹ ಇದ್ದ ಕಡೆ ಒಂದು ಗೆರೆ, ಮುನಿಸಿದ್ದ ಕಡೆ ಇಟ್ಟಿಗೆ ಪುಡಿಯ ಗೆರೆ.

4. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಅಳಿಸಬಾರದು. ಒಪ್ಪದಿದ್ದರೆ ಪಕ್ಕದಲ್ಲಿ ತಮ್ಮದು ಬರೆಯಲಿ.

5. ಪರಿಹಾರಕ್ಕೆ ಅವಸರ ಬೇಡ. ಮುಗಿದ ಮೇಲೆ ಸುತ್ತಲೂ ಒಂದು ಸುತ್ತು ನಡೆದು ನೋಡಿ. ಯಾರು ಬಿಟ್ಟುಹೋದರು ಅಂತ ಕೇಳಿ. ಅಳಿಸುವ ಮುಂಚೆ ಒಂದು ಹಾಳೆಗೆ ಇಳಿಸಿಕೊಳ್ಳಿ.

ಮನೆಯೊಳಗೂ ಇದು ನಡೆಯುತ್ತದೆ. ವಯಸ್ಸಾದ ತಾಯಿ ಯಾವ ಮಗನ ಮನೆಯಲ್ಲಿರಬೇಕು ಅನ್ನುವ ಕಷ್ಟದ ಮಾತಿಗೆ ಮಗಳ ಹಳೇ ಡ್ರಾಯಿಂಗ್ ಪುಸ್ತಕದ ಒಂದು ಹಾಳೆ ಸಾಕು. ಆ ತಾಯಿಯ ಕೈಗೂ ಪೆನ್ಸಿಲ್ ಕೊಡಿ.

ಚಿತ್ರ ಬರೆದರೆ ಕೊಳವೆಬಾವಿಯಲ್ಲಿ ನೀರು ಉಕ್ಕುತ್ತದೆ ಅಂತ ನಾನು ಹೇಳೋದಿಲ್ಲ. ನಮ್ಮ ಬೀದಿಯಲ್ಲಿ ವಾಲ್ವು ತಿರುಗಿಸುವುದು ಈಗ ಸರದಿಯ ಮೇಲೆ. ಒಂದು ಸಲ ಮೇಲಿನವರಿಗೆ ಮೊದಲು, ಮುಂದಿನ ಸಲ ಕೆಳಗಿನವರಿಗೆ. ಮೂರು ಮೋಟಾರುಗಳಲ್ಲಿ ಎರಡು ಹೋದವು, ಒಂದು ಇನ್ನೂ ಇದೆ. ಬೇಸಿಗೆಯ ಕಷ್ಟ ಹಾಗೇ ಇದೆ. ಆದರೆ ಆ ಹುಡುಗಿ ನೀರಿನ ದಿನವೂ ಶಾಲೆಗೆ ಹೋಗುತ್ತಾಳೆ, ಅವಳ ಕೊಡಗಳನ್ನು ಅಕ್ಕಪಕ್ಕದವರು ತುಂಬಿಡುತ್ತಾರೆ. ಎದುರು ಮನೆಯ ಅಜ್ಜಿಗೆ ಅಂತ ನಮ್ಮ ಪಾಲಿನಿಂದ ಎರಡು ಬಿಂದಿಗೆ ಹೋಗುತ್ತದೆ. ಈ ಯುಗಾದಿಗೆ ಆ ಮನೆಯಿಂದ ಒಬ್ಬಟ್ಟು ಬಂತು.

ದಿನಾ ಬೆಳಿಗ್ಗೆ ಬಾಗಿಲ ಮುಂದೆ ರಂಗೋಲಿ ಇಡುವ ಕೈ ನಮ್ಮದು. ಬೀದಿಯ ತೊಡಕನ್ನೂ ಒಮ್ಮೆ ಆ ಕೈಯಿಂದ ಬಿಡಿಸಿ ನೋಡಿ, ಸೋದರಿಯರೆ.