ಟವರ್ ಬುಡದಲ್ಲಿ ಹೂತ ಕಲ್ಲು, ಖಂಭಾತ್‌ನಲ್ಲಿ ಎದ್ದ ಧೂಳು

ಲೇತ್ ಅಂಗಡಿಯ ಅಲ್ಯೂಮಿನಿಯಂ ಚೂರು ಎರಡು ಹಿಡಿ, ಸ್ಫಟಿಕದ ಒಂದು ತುಂಡು, ಮೇಲೆ ಸುರಿಯಲು ರೆಸಿನ್. ಕಪ್‌ಕೇಕ್ ಅಚ್ಚಿನಲ್ಲಿ ಗಟ್ಟಿಯಾಗಲು ಬಿಟ್ಟರೆ ‘ಟವರ್ ಬಸ್ಟರ್’ ಸಿದ್ಧ! ಈ ವಸ್ತುವಿಗೆ ಆರ್ಗೊನೈಟ್ ಎಂದು ಹೆಸರು. ಮೊಬೈಲ್ ಟವರ್ ಹತ್ತಿರ ಯಾರಿಗೂ ಕಾಣದಂತೆ ಹೂತುಬಿಟ್ಟರೆ ಅಲ್ಲಿನ ಕೆಟ್ಟ ಶಕ್ತಿ ಒಳ್ಳೆಯದಾಗುತ್ತದೆ ಎಂದು ನಂಬುವ ಹವ್ಯಾಸಿಗಳು ಅಮೆರಿಕದಿಂದ ದಕ್ಷಿಣ ಆಫ್ರಿಕಾದವರೆಗೂ ಇದ್ದಾರೆ. ಹೂಳುವ ಕೆಲಸವನ್ನು ಅವರು ‘ಗಿಫ್ಟಿಂಗ್’ ಅನ್ನುತ್ತಾರೆ.

ಇದರ ಮೂಲಪುರುಷ ಮನೋವೈದ್ಯ ವಿಲ್ಹೆಲ್ಮ್ ರೈಖ್. ‘ಆರ್ಗೋನ್’ ಎಂಬ ಜೀವಶಕ್ತಿ ಎಲ್ಲೆಡೆ ಇದೆ, ಮರ ಮತ್ತು ಲೋಹದ ಪದರಗಳ ಪೆಟ್ಟಿಗೆಯಲ್ಲಿ ಅದನ್ನು ಕೂಡಿಡಬಹುದು ಎಂದವರು. 1941ರ ಜನವರಿಯಲ್ಲಿ ಐನ್‌ಸ್ಟೈನ್ ಅವರನ್ನೇ ಕಂಡು ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆಯ ಮೇಲೆ ತಾಪ ತುಸು ಹೆಚ್ಚಿದ್ದದ್ದು ನಿಜ. ಕೋಣೆಯೊಳಗಿನ ಗಾಳಿಯ ಚಲನೆಯೇ ಅದಕ್ಕೆ ಕಾರಣ ಎಂದು ಐನ್‌ಸ್ಟೈನ್ ಉತ್ತರ ಬರೆದರು. 1954ರಲ್ಲಿ ಅಮೆರಿಕದ ನ್ಯಾಯಾಲಯ ಪೆಟ್ಟಿಗೆಗಳ ಮಾರಾಟಕ್ಕೆ ತಡೆ ಹಾಕಿತು. ಆದೇಶ ಮೀರಿದ ರೈಖ್ 1957ರಲ್ಲಿ ಜೈಲಿನಲ್ಲೇ ತೀರಿಕೊಂಡರು. ರೆಸಿನ್ ಸೇರಿದ್ದು ಎಷ್ಟೋ ವರ್ಷಗಳ ನಂತರ.

ಪಾಂಡೇಸರಾದಲ್ಲಿ ಕೂತು ಇದನ್ನೆಲ್ಲ ಓದಿದರೆ ಪೂರ್ತಿ ನಗು ಬರುವುದಿಲ್ಲ. ಸುತ್ತಲೂ ಡೈಯಿಂಗ್ ಮಿಲ್‌ಗಳು, ಚಿಮಣಿಗಳು. ಪಕ್ಕದ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ 2022ರ ಜನವರಿಯಲ್ಲಿ ಟ್ಯಾಂಕರ್‌ನಿಂದ ರಾಸಾಯನಿಕ ತ್ಯಾಜ್ಯ ಸುರಿದಾಗ ಎದ್ದ ವಿಷಾನಿಲಕ್ಕೆ ಆರು ಜನ ಬಲಿಯಾದರು. ಕಣ್ಣಿಗೆ ಕಾಣದ್ದು ಕೊಲ್ಲುತ್ತದೆ ಎಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಟವರ್‌ನ ವಿಕಿರಣವನ್ನು ಅಳೆಯಬಹುದು. 2012ರಲ್ಲಿ ನಮ್ಮಲ್ಲಿ ಅದರ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಗಿತ್ತು. ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಮೂಲಕ ಹಣ ಕಟ್ಟಿ ಅಳತೆ ಮಾಡಿಸಲೂಬಹುದು. ಹೂತ ಕಪ್‌ಕೇಕಿಗೆ ಮಾತ್ರ ಯಾವ ಮೀಟರೂ ಇಲ್ಲ. ಮಣ್ಣಿನೊಳಗಿನ ಹಿಡಿ ಲೋಹ ಮೇಲಿನ ಆಂಟೆನಾದ ಅಲೆಗಳನ್ನು ತಡೆಯುವುದೂ ಇಲ್ಲ, ಬದಲಿಸುವುದೂ ಇಲ್ಲ.

ಇಷ್ಟೇ ಆಗಿದ್ದರೆ, ಹೂಳುವವರು ಹೂತುಕೊಳ್ಳಲಿ ಅಂದು ಸುಮ್ಮನಿರಬಹುದಿತ್ತು. ಆದರೆ ಆನ್‌ಲೈನಿನಲ್ಲಿ ಆರ್ಗೋನ್ ಪಿರಮಿಡ್ ಮಾರುವವರ ವಿಳಾಸ ನೋಡಿ. ಹಲವು ಕಡೆ ಖಂಭಾತ್ ಎಂದಿರುತ್ತದೆ. ಸೂರತ್‌ನಿಂದ ವಡೋದರಾ ದಾಟಿ ಹೋದರೆ ಸಿಗುವ ಹಳೆಯ ಬಂದರು ಊರು, ಅಕೀಕ್ ಕಲ್ಲಿನ ಕೆಲಸಕ್ಕೆ ಶತಮಾನಗಳಿಂದ ಹೆಸರುವಾಸಿ. ಅಕೀಕ್ ಆಗಲಿ ಸ್ಫಟಿಕವಾಗಲಿ, ಎರಡೂ ಸಿಲಿಕಾ. ಚಕ್ರಕ್ಕೆ ಒತ್ತಿ ಉಜ್ಜಿದಾಗ ಏಳುವ ನುಣುಪು ಧೂಳು ಶ್ವಾಸಕೋಶದ ಆಳಕ್ಕಿಳಿದು ಗಾಯದ ಕಲೆಯಾಗಿ ಗಟ್ಟಿಯಾಗುತ್ತದೆ. ಅದೇ ಸಿಲಿಕೋಸಿಸ್. ಬಂದ ಮೇಲೆ ವಾಸಿಯಾಗದು, ಜೊತೆಗೆ ಕ್ಷಯವನ್ನೂ ಕರೆಯುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಖಂಭಾತ್‌ನ ಕೆಲಸಗಾರರಲ್ಲಿ ಇದನ್ನು ದಶಕಗಳಿಂದ ದಾಖಲಿಸುತ್ತಾ ಬಂದಿದೆ. ಉಜ್ಜುವ ಕೆಲಸ ಬಹುಪಾಲು ಮನೆಗಳಲ್ಲೇ ನಡೆಯುವುದರಿಂದ ಹೆಂಗಸರು, ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಅದೇ ಗಾಳಿ ಕುಡಿಯುತ್ತಾರೆ.

ಕನ್ನಡಿಗರಿಗೆ ಈ ಕಾಯಿಲೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ 1940ರ ದಶಕದಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ. 40ಕ್ಕೂ ಹೆಚ್ಚು ಮಂದಿಗೆ ಸಿಲಿಕೋಸಿಸ್ ಇತ್ತು. ಮೈಸೂರು ಸರ್ಕಾರ 1940ರಲ್ಲೇ ಸಿಲಿಕೋಸಿಸ್ ನಿಯಮಗಳನ್ನು ತಂದಿತ್ತು. ಅಲ್ಲಿ ಕಂಪನಿಯಿತ್ತು, ಹಾಜರಿ ಪುಸ್ತಕವಿತ್ತು, ಪರಿಹಾರ ಕೇಳಲು ಒಂದು ಬಾಗಿಲಿತ್ತು. ಮನೆಯ ಜಗುಲಿಯಲ್ಲಿ ತುಂಡಿನ ಲೆಕ್ಕದಲ್ಲಿ ಕಲ್ಲು ಉಜ್ಜುವವನು ಯಾರ ನೌಕರನೆಂದು ಸಾಬೀತು ಮಾಡುವುದೇ ಕಷ್ಟ.

ಪಿರಮಿಡ್ ಕೊಳ್ಳಬೇಕೆನ್ನುವ ಗೆಳೆಯರು ನಿಮಗಿದ್ದರೆ ಆರ್ಗೋನ್ ಬಗ್ಗೆ ವಾದಕ್ಕಿಳಿಯಬೇಡಿ, ಗೆಲ್ಲುವುದಿಲ್ಲ. ಕಲ್ಲನ್ನು ನೀರು ಹಾಕಿ ಉಜ್ಜಿದ್ದಾರೋ, ಧೂಳು ಹೀರುವ ಯಂತ್ರವಿತ್ತೋ ಎಂದು ಮಾರುವವರನ್ನು ಕೇಳಲು ಹೇಳಿ.