ಕಣ್ಣಿಗೆ ಚಿತ್ರ, ಕಡತಕ್ಕೆ ಕತ್ತಲೆ

ಕುಂಚವನ್ನು ಬಿಟ್ಟು ಗಣಕಯಂತ್ರದಿಂದಲೇ ಚಿತ್ರ ಬರೆಯುವವರು ನಮ್ಮ ಪ್ರವಾಸಿ ಕನ್ನಡ ಕುಟುಂಬಗಳಲ್ಲಿ ಈಗ ಕಡಿಮೆಯೇನೂ ಇಲ್ಲ. ಮುಂಬಯಿ, ಪುಣೆ, ಹೈದರಾಬಾದುಗಳ ಚಲಚ್ಚಿತ್ರ ಕಾರ್ಯಾಲಯಗಳಲ್ಲಿಯೂ ಕಟ್ಟಡದ ನಕ್ಷೆ ತೆಗೆಯುವ ಕಚೇರಿಗಳಲ್ಲಿಯೂ ನಮ್ಮ ಹುಡುಗ ಹುಡುಗಿಯರು ದುಡಿಯುತ್ತಿದ್ದಾರೆ. ಇವರು ಕೆಲಸ ಕೇಳಿಕೊಂಡು ಹೋದಲ್ಲಿ ಪದವಿಪತ್ರಕ್ಕಿಂತ ಮೊದಲು ಕೇಳುವುದು ಮಾಡಿದ ಕೆಲಸದ ಮಾದರಿಯನ್ನು. ಬ್ಲೆಂಡರಿನಲ್ಲೋ ಮಾಯಾದಲ್ಲೋ ಕಟ್ಟಿದ ಬೊಂಬೆ ತೆರೆಯ ಮೇಲೆ ತಿರುಗುವುದನ್ನು ಹಾಗೆಯೇ ರೆಕಾರ್ಡು ಮಾಡಿ ಕಳಿಸಬೇಕು. ಗಡುವಿನ ಹಿಂದಿನ ರಾತ್ರಿ ಆ ರೆಕಾರ್ಡನ್ನು ತೆರೆದು ನೋಡಿದರೆ ಬರಿಯ ಕಪ್ಪು! ದನಿ ಇದೆ, ಮೌಸಿನ ಬಾಣ ಓಡಾಡುತ್ತಿದೆ, ಬೊಂಬೆ ಮಾತ್ರ ಇಲ್ಲ.

ಈ ವಿಚಿತ್ರ ಹೊಸದಲ್ಲ. ವಿಂಡೋಸ್ ಎಕ್ಸ್‌ಪಿಯ ಕಾಲದಲ್ಲಿ ಓಡುತ್ತಿರುವ ಚಲಚ್ಚಿತ್ರದ ತೆರೆಚಿತ್ರ ತೆಗೆದರೆ ಆ ಜಾಗದಲ್ಲಿ ಒಂದೇ ಬಣ್ಣದ ಚೌಕ ಸಿಗುತ್ತಿದ್ದುದುಂಟು. ಅಲ್ಲಿ ನಿಜವಾಗಿ ಇದ್ದದ್ದೂ ಬಣ್ಣದ ಚೌಕವೇ. ಆ ಬಣ್ಣ ಕಂಡಲ್ಲೆಲ್ಲ ಗ್ರಾಫಿಕ್ಸ್ ಕಾರ್ಡು ಕೊನೆಯ ಗಳಿಗೆಯಲ್ಲಿ ಚಲಚ್ಚಿತ್ರವನ್ನು ತುಂಬಿಬಿಡುತ್ತಿತ್ತು. ತಮಾಷೆಯೆಂದರೆ, ಆ ಚೌಕವನ್ನು ಪೇಂಟ್ ತಂತ್ರಾಂಶದಲ್ಲಿ ಅದೇ ಸ್ಥಳಕ್ಕೆ ಬರುವಂತೆ ಅಂಟಿಸಿದರೆ ಚಿತ್ರ ಅದರೊಳಗೂ ಓಡತೊಡಗುತ್ತಿತ್ತು! ಕಂಡವರು ಭೂತಚೇಷ್ಟೆಯೆಂದುಕೊಂಡರೆ ಆಶ್ಚರ್ಯವೇನು? 2007ರಲ್ಲಿ ಬಂದ ವಿಸ್ಟಾ ತೆರೆಯನ್ನು ಜೋಡಿಸುವ ಕ್ರಮವನ್ನೇ ಬದಲಿಸಿದ ಮೇಲೆ ಈ ಆಟ ಕ್ರಮೇಣ ಮರೆಯಾಯಿತು.

ಇಂದಿನ ಕಪ್ಪಿಗೆ ಹೆಚ್ಚಾಗಿ ಕಾರಣ ಬೇರೆ. ಒಳ್ಳೆಯ ಲ್ಯಾಪ್‌ಟಾಪುಗಳಲ್ಲಿ ಚಿತ್ರ ಬರೆಯುವ ಚಿಪ್ಪುಗಳು ಎರಡು: ಮಿತವಾಗಿ ಕರೆಂಟು ತಿನ್ನುವುದೊಂದು, ಬಲಶಾಲಿಯಾದುದೊಂದು. ತೆರೆಯನ್ನು ನಡೆಸುವುದು ಒಂದು, ರೆಕಾರ್ಡು ಮಾಡುವ ತಂತ್ರಾಂಶ ಕೂತಿರುವುದು ಇನ್ನೊಂದರಲ್ಲಿ. ಒಂದು ಒಲೆಯ ಮೇಲೆ ಬೇಯುವ ಹುಳಿಯನ್ನು ಇನ್ನೊಂದು ಒಲೆಯ ಪಾತ್ರೆಯಲ್ಲಿ ಸೌಟು ಹಾಕಿ ಹುಡುಕಿದ ಹಾಗೆ! ಓಬಿಎಸ್ ಬಳಸುವವರು ವಿಂಡೋಸಿನ ಸೆಟಿಂಗ್ಸಿನಲ್ಲಿ ಸಿಸ್ಟಮ್, ಡಿಸ್‌ಪ್ಲೇ, ಗ್ರಾಫಿಕ್ಸ್ ಎಂದು ಹೋಗಿ, ಅಲ್ಲಿ ಓಬಿಎಸ್ಸನ್ನು ಆರಿಸಿ, ‘ಪವರ್ ಸೇವಿಂಗ್’ ಎಂದು ಗೊತ್ತುಮಾಡಿ, ತಂತ್ರಾಂಶವನ್ನು ಮುಚ್ಚಿ ತೆರೆಯಲಿ. ಇಡೀ ತೆರೆಯನ್ನು ಹಿಡಿಯುವವರಿಗೆ ಸಾಮಾನ್ಯವಾಗಿ ಇಷ್ಟೇ ಸಾಕು. ಒಂದೇ ಕಿಟಕಿಯನ್ನು ಹಿಡಿಯುವಾಗ ಕಪ್ಪಾದರೆ, ಹಿಡಿಯುವ ವಿಧಾನದ ಪಟ್ಟಿಯಲ್ಲಿ ‘ವಿಂಡೋಸ್ 10’ ಎಂದಿರುವುದನ್ನು ಆರಿಸಬೇಕು. ಮೇಜಿನ ಮೇಲಿನ ದೊಡ್ಡ ಯಂತ್ರವಾದರೆ ಹಿಂದೆ ಬಾಗಿ ನೋಡಿ: ಮಾನಿಟರಿನ ಕೇಬಲ್ಲು ಸಾವಿರಾರು ರೂಪಾಯಿ ಕೊಟ್ಟು ತಂದ ಕಾರ್ಡಿಗೆ ಸೇರದೆ ಮದರ್‌ಬೋರ್ಡಿಗೆ ಸೇರಿರುವುದುಂಟು.

ಮ್ಯಾಕ್ ಯಂತ್ರದವರ ಪಾಡು ಬೇರೆ. 2019ರ ಕ್ಯಾಟಲೀನಾದಿಂದೀಚೆಗೆ ತೆರೆಯನ್ನು ಹಿಡಿಯಲು ತಂತ್ರಾಂಶಕ್ಕೆ ನಾವು ಅನುಮತಿ ಕೊಡಬೇಕು. ಕೊಡದಿದ್ದರೆ ಹಿನ್ನೆಲೆಯ ಬೆಟ್ಟಗುಡ್ಡ ಮಾತ್ರ ಬಂದು ಕಿಟಕಿಗಳು ಮಾಯವಾಗುತ್ತವೆ. ಇನ್ನು ಚಂದಾ ಕೊಟ್ಟು ನೋಡುವ ಸಿನೆಮಾಗಳು ಕಪ್ಪಾಗಿ ಬಂದರೆ ಅದು ದೋಷವೇ ಅಲ್ಲ, ಬೇಕೆಂದೇ ಹಾಕಿದ ಬೀಗ. ಅದಕ್ಕೆ ಮದ್ದು ಹುಡುಕುತ್ತ ಇರುಳು ಕಳೆಯಬೇಡಿ.

ಕಪ್ಪಲ್ಲದೆ ಗೆರೆಯೋ ಬಣ್ಣದ ಚುಕ್ಕೆಯೋ ಕಂಡಾಗ ಮಾಡಬೇಕಾದ ಪರೀಕ್ಷೆ ಬಹು ಸುಲಭ. ರಿಪೇರಿಯವನ ಬಳಿಗೆ ಹೋಗುವ ಮುಂಚೆ ಪ್ರತಿಯೊಬ್ಬರೂ ಮಾಡತಕ್ಕದ್ದು. ತೆರೆಚಿತ್ರವೊಂದನ್ನು ತೆಗೆದು ಫೋನಿಗೆ ಕಳಿಸಿ ನೋಡಿ. ಗೆರೆ ಅಲ್ಲಿಯೂ ಇದ್ದರೆ ತಪ್ಪು ಕಾರ್ಡಿನದೋ ಅದರ ಡ್ರೈವರಿನದೋ ತಂತ್ರಾಂಶದ್ದೋ ಆಗಿರಬೇಕು. ಅಲ್ಲಿ ಇಲ್ಲವಾದರೆ ಮೊದಲು ಕೇಬಲ್ಲನ್ನೂ ಮಾನಿಟರನ್ನೂ ಸಂಶಯಿಸಿ; ತೆರೆಚಿತ್ರವೆಂಬುದು ಬಿಂಬವು ಕೇಬಲ್ಲಿಗೆ ಇಳಿಯುವ ಮುಂಚಿನ ನಕಲಲ್ಲವೆ? ಡ್ರೈವರಿನ ಮೇಲೆ ಗುಮಾನಿಯಿದ್ದರೆ ಕೆಲಸವನ್ನು ಉಳಿಸಿಕೊಂಡು ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆ ಒಮ್ಮೆ ಮಿನುಗಿ ಡ್ರೈವರು ಹೊಸದಾಗಿ ಏಳುತ್ತದೆ. ಬಹಳ ಹೊತ್ತು ದುಡಿದ ಮೇಲೆಯೇ ಚುಕ್ಕೆಗಳು ಬೀಳುವುದಾದರೆ ಕಾರ್ಡು ಕಾದಿದೆಯೆಂದು ತಿಳಿದು ಫ್ಯಾನಿನ ಧೂಳು ತೆಗೆಸಿ.

ಇನ್ನೊಂದು ಮಾತು. ಓಬಿಎಸ್ಸಿನಲ್ಲಿ ಕಡತವನ್ನು ಸಾದಾ ಎಂಪಿ4ರ ಬದಲು ಎಂಕೆವಿ ರೂಪದಲ್ಲಿ ಬರೆಸಿ. ನಡುವೆ ಕರೆಂಟು ಹೋದರೆ ಎಂಪಿ4 ಕಡತ ತೆರೆಯುವುದೇ ಇಲ್ಲ. ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಆಮೇಲೆ ಅದೇ ತಂತ್ರಾಂಶದ ಫೈಲ್ ಪಟ್ಟಿಯಿಂದ ಎಂಪಿ4 ಮಾಡಿಕೊಳ್ಳಬಹುದು, ಚಿತ್ರಕ್ಕೆ ಏನೂ ಊನವಾಗದು. ಮಾದರಿ ಕಳಿಸುವ ಹಿಂದಿನ ದಿನವೇ, ಬೆಳಗಿನ ಹೊತ್ತಿನಲ್ಲಿ, ಹತ್ತು ಸೆಕೆಂಡು ರೆಕಾರ್ಡು ಮಾಡಿ ಬೇರೊಂದು ಯಂತ್ರದಲ್ಲಿ ಓಡಿಸಿ ನೋಡಿ.